ಗ್ವಾಡಿ ಒಡಿಯೂತನಕ

ಬಾಗಲಕೋಟಿಯಿಂದ ಟಂಟಂದಾಗ
ನನ್ನ ಮೊಣಕಾಲಿಗೆ ಆತು ಬಂತು ಕಿಡಕಿ,
ನಾಕು ಫೂಟಿಂದು, ಸರಿಸೂ ಗಾಜಿಂದು.
ತಗ್ಗು ಬಂದಾಗೊಮ್ಮೆ ನಾ ಉಸಿರು ಹಿಡದೆ.

ಅಂಗಡಿಯಾಂವ ಹೇಳಿ ಕಳಿಸಿದ್ದ:
ಮಲಗಿಸಬ್ಯಾಡ್ರಿ, ನಿಂದ್ರಸ್ರಿ.
ಕೆಳಗ ಎರಡು ಕಟಗಿ ಇಡ್ರಿ, ಬರೇ ನೆಲಕ್ಕ ತಾಗಬಾರದು.
ಚೌಕಟ್ಟಿನ ನೀಲಿ ಪಟ್ಟಿ ಈಗ ಕೀಳಬ್ಯಾಡ್ರಿ,
ಬಿಸಲಿಗಂತೂ ಇಡಬ್ಯಾಡ್ರಿ, ಅಂಟಿ ಕೂತೀತು.
ಹಡದಾಕಿಗೆ ಪಥ್ಯ ಹೇಳಿದಂಗ ಹೇಳಿದ.

ಲಾಡ್ಲೇಸಾಬ ಗೌಂಡಿ ಬರೂದು ಎಂಟು ದಿನ ತಡಾ,
ಕೆರೂರಾಗ ಯಾರದೋ ಸ್ಲ್ಯಾಬ್ ಹಿಡದಾನ.
ಗುಳೇದಗುಡ್ಡದ ಕೆಂಪು ಕಲ್ಲಿನ ಗ್ವಾಡಿ ನಮ್ಮದು,
ಕಂಡಾಂವ ಒಡದರ
ಮಾಳಗಿನ ಕೆಳಗ ಇಳದೀತು.

ಎಲ್ಲಿ ಇಡೂದು?
ಅಡಗಿಮನ್ಯಾಗ ಒಗ್ಗರಣಿ ಜಿಡ್ಡು.
ಪಡಸಾಲ್ಯಾಗ ಹುಡುಗೂರ ಚೆಂಡು.
ಕಡೀಕ ಮಗ್ಗದ ಖೋಲಿನ ಗತಿ.
ಮುರದ ಮಗ್ಗದ ಎರಡು ತುಂಡು ಕೆಳಗ,
ಬೆನ್ನಿಗೆ ಹಳೇ ಚಾದರ, ಮ್ಯಾಲೆ ಕೌದಿ,
ಜಾರಬಾರದಂತ ಮೊಳಿಗೆ ಒಂದು ಹಗ್ಗ.
ಗ್ವಾಡಿಗೆ ಆತು ನಿಂತ ಕಿಡಕಿ:
ಒಳಗ ಹಣಿಕಿದರ ಗ್ವಾಡಿನ ಕಾಣತಿತ್ತು.

ಅತ್ತಿ ದಾನವ್ವ, ನಲವತ್ತು ವರ್ಷ ಖಣ ನೇದಾಕಿ,
ಈಗೀಗ ಬೆರಳಿಲೇ ನೋಡಾಕಿ,
ಕುಣಿಯಾಗಿಂದನ ಅಂದ್ಲು:
"ಬೆಳಕು ತಂದು ಮೂಲ್ಯಾಗ ನಿಂದ್ರಿಸೀರಿ.
ಕೌದಿ ಬ್ಯಾರೆ. ಥಂಡಿ ಹತ್ತತೈತೇನ ಅದಕ್ಕ?"

ಐದನೇ ಮುಂಜಾನಿ ಬೆಕ್ಕು ಕೌದಿ ಜಗ್ಗಿತ್ತು.
ನಾ ಬಾಗಲಾ ತಗದೆ.
ಹೊಸ್ತಲಾ ದಾಟಿದ ಬಿಸಲು
ಗಾಜಿಗೆ ಬಡದು, ಓರಿಯಾಗಿ ತಿರುಗಿ,
ಅತ್ತಿಯ ಕೈಮ್ಯಾಲೆ ಬಿತ್ತು,
ತಾಟಿನಷ್ಟು.

ಲಾಳಿ ನಿಂತಿತು.
ಬಗ್ಗಿದಳು. ಉಗುರಿಲೆ ಕೆದರಿದಳು.
"ಇದು ಯಾವಾಗಿಂದ ಐತಿ?"

ಅಂಚಿನ್ಯಾಗ ಒಂದು ಎಳಿ ತಪ್ಪಿತ್ತು.
ಮೂರು ಖಣದಿಂದ ತಪ್ಪಕೋತನ ಬಂದಿತ್ತು.
ಸಾವಕಾರ ರೊಕ್ಕ ಮುರಕೊಂಡಿದ್ದ, ಯಾಕಂತ ಹೇಳಿರಲಿಲ್ಲ.
ನಾ ಕಂಡಿದ್ದೆ.
ನಾನೂ ಹೇಳಿರಲಿಲ್ಲ.

ಕೌದಿ ಎತ್ತಿ ಹೊಚ್ಚಾಕ ಹ್ವಾದೆ.
"ಇರಲಿ ಬಿಡು," ಅಂದ್ಲು,
"ಬಿಸಲು ಸರಿಯೂತನಕ."
ಮತ್ತ ಒಂದೊಂದ ಎಳಿ ಬಿಚ್ಚಾಕ ಹತ್ತಿದ್ಲು,
ನನ್ನ ಮಾರಿ ನೋಡಲಿಲ್ಲ.
ಅಂಗಡಿಯಾಂವನ ಪಥ್ಯ ಅವತ್ತ ಮುರೀತು.

ಬುಧವಾರ ಲಾಡ್ಲೇಸಾಬ ಬಂದ,
ಸುತಗಿ, ಹಾರಿ, ಕಿವ್ಯಾಗ ಬೀಡಿ.
ಸುಣ್ಣದಲೆ ಗ್ವಾಡಿಗೆ ಚೌಕ ಬರದ.
"ಧೂಳು ಏಳತೈತವ್ವಾ, ಮಗ್ಗಕ್ಕ ಏನರೆ ಹೊಚ್ಚು."

ಕಿಡಕಿಯ ಕೌದಿ ತಗದು
ಹಾಸಿನ ಮ್ಯಾಲೆ ಹೊಚ್ಚಿದೆ.
ಅತ್ತಿ ಕುಣಿಯಿಂದ ಎದ್ದು ಬಂದು
ಕಿಡಕಿ ಪಕ್ಕ ನೆಲಕ್ಕ ಕುಂತಳು,
ಮೊದಲನೇ ಪೆಟ್ಟಿಗೆ ಅದು ನಡುಗಬಾರದಂತ
ಎರಡೂ ಕೈಲೆ ಹಿಡಕೊಂಡು.