ಒಂದು ‘ಲಿ’ಯ ಲೆಕ್ಕ

ಸಿದ್ದಾಪುರದಾಚೆ, ಗುಹ್ಯದ ದಾರಿಯ ತೋಟದಲ್ಲಿ
ಅಪ್ಪ ರೈಟರು.
ಎಸ್ಸೆಸ್ಸೆಲ್ಸಿ ಎರಡನೇ ಸಲಕ್ಕೆ ಪಾಸಾದ ಬೆಳ್ಯಪ್ಪ.
ಕಿವಿಯ ಮೇಲೆ ಪೆನ್ಸಿಲು, ಜಿಗಣೆಗೆಂದು ಕಾಲಿಗೆ ಸುಣ್ಣ.

ಆ ವರ್ಷ ಆಗಸ್ಟಿನಲ್ಲಿ ಎಂಟು ಹೆಂಗಸರು
ಕಾಫಿಸಾಲಿನ ನಡುವೆ ತೊಟ್ಟಿಲುಗುಂಡಿ ತೋಡಿದರು.
ಮಗುವಿನ ತೊಟ್ಟಿಲಲ್ಲ,
ಓಡುವ ನೀರನ್ನು ಹಿಡಿದು ಮಲಗಿಸುವುದು.
ಚೋಮಿಯ ಹಾರೆ ಬೇರಿಗೆ ಸಿಕ್ಕಿ ಬಾಗಿತು,
ತೋಲಿಯ ಅಂಗೈ ಒಡೆಯಿತು.
ಸಂಜೆ ಹಾಜರಿ ಪುಸ್ತಕದ ಷರಾ ಕಾಲಮ್ಮಿನಲ್ಲಿ
ಸಾವ್ಕಾರರಿಗೆ ತಿಳಿಯಲೆಂದು ಅಪ್ಪ ಇಂಗ್ಲಿಷಿನಲ್ಲೇ ಬರೆದ:
“ಲೇಬರ್ ವರ್ಕ್ಡ್ ಹಾರ್ಡ್‌ಲಿ.”

ಹಾರ್ಡ್ ಅಂದರೆ ಗಟ್ಟಿ ಎಂದು ಗೊತ್ತಿತ್ತು.
ಬರೀ ಹಾರ್ಡ್ ಸಾಲದು ಅನ್ನಿಸಿರಬೇಕು.
ಕನ್ನಡದ ಬಾಯಿಗೆ ‘ಲಿ’ ಅಂದರೆ ಹರಕೆ ತಾನೆ,
ಬರಲಿ, ಆಗಲಿ, ನೂರು ವರ್ಷ ಬಾಳಲಿ.
ಒಂದು ‘ಲಿ’ ಹಚ್ಚಿದ.

ಶನಿವಾರ ಮೈಸೂರಿನಿಂದ ಜೀಪು ಬಂತು.
ಸಾವ್ಕಾರರದು ಸರಿಯಾದ ಇಂಗ್ಲಿಷು.
“ಕೆಲಸವೇ ಮಾಡಿಲ್ಲ ಅಂತ ನೀನೇ ಬರೆದಿದ್ದೀಯಲ್ಲೋ!”
ಎಂಟು ಹೆಸರಿನೆದುರು ಅರ್ಧ ಹಾಜರಿ.
ಗುಂಡಿಗಳು ಅಲ್ಲೇ ಇದ್ದವು
ಮೊಣಕಾಲುದ್ದ ನೀರು ತುಂಬಿಕೊಂಡು.
ಯಾರೂ ಹೋಗಿ ನೋಡಲಿಲ್ಲ.
ಬಟವಾಡೆ ಮೇಜಿನ ಮುಂದೆ ಚೋಮಿ ನೋಟು ಎರಡು ಸಲ ಎಣಿಸಿ
“ಏನು ಬರ್ದಿರಿ ರೈಟ್ರೇ?” ಅಂದಳಂತೆ.
ಅಪ್ಪ ಕನ್ನಡದಲ್ಲಿ ಹೇಳಿದ.
“ಸರಿಯಾಗೇ ಉಂಟಲ್ಲ,” ಅಂದಳಂತೆ.

ನಾನೀಗ ನೆಲ್ಲಿಹುದಿಕೇರಿಯಲ್ಲಿ ಇಂಗ್ಲಿಷ್ ಟೀಚರು.
ಮೊನ್ನೆ ಲೈನ್‌ಮನೆಯ ಹುಡುಗಿಯೊಬ್ಬಳು ಉತ್ತರಪತ್ರಿಕೆಯಲ್ಲಿ
“ಮೈ ಮದರ್ ವರ್ಕ್ಸ್ ಹಾರ್ಡ್‌ಲಿ” ಎಂದು ಬರೆದಿದ್ದಳು.
ಕೆಂಪು ಪೆನ್ನಿನ ಮುಚ್ಚಳ ತೆಗೆದವಳು
ಪೆನ್ನು ಬಿಟ್ಟು ದಪ್ಪ ನಿಘಂಟು ತೆಗೆದೆ.

ಆರೇಳು ನೂರು ವರ್ಷದ ಹಿಂದೆ ಆ ಮಾತಿಗೆ
ಬಲವಾಗಿ, ಗಟ್ಟಿಯಾಗಿ ಎಂದೇ ಅರ್ಥ.
ಆಮೇಲೆ, ಪ್ರಯಾಸದಿಂದ.
ಪ್ರಯಾಸದಿಂದ ಆದದ್ದು ಕೊಂಚವೇ ಆದದ್ದು,
ಕೊಂಚವೇ ಆದದ್ದು ಆಗದ ಹಾಗೆಯೇ.
ಜಾರುತ್ತ ಜಾರುತ್ತ ‘ಇಲ್ಲ’ದ ಅಂಚಿಗೆ ಬಂದು ಕೂತಿದೆ.
ನಾವೇನು ಕಮ್ಮಿ?
“ಈ ಮಳೇಲಿ ಬಸ್ಸು ಬರೋದು ಕಷ್ಟ” ಅಂದರೆ
ಬಸ್ಸು ಕಷ್ಟಪಟ್ಟು ಬರುತ್ತದೆ ಅಂತಲ್ಲ,
ಕೊಡೆ ಬಿಚ್ಚಿ ನಡೆ ಅಂತ.

ಪುಟದ ಕೊನೆಯಲ್ಲಿ ಸಣ್ಣಕ್ಷರದಲ್ಲಿ
ಆ ಬಾಲದ ಮೂಲವೂ ಸಿಕ್ಕಿತು.
ಹಳೆಯ ಇಂಗ್ಲಿಷಿನಲ್ಲಿ ಅದು ಮೈ. ಶರೀರ.
ಹಾಗಾದರೆ ಅಪ್ಪ ಬರೆದದ್ದು:
ಗಟ್ಟಿ ಮೈಯವರಾಗಿ ದುಡಿದರು.
ತಪ್ಪಲ್ಲ,
ಬರೆಯುವುದು ಕೆಲವು ಶತಮಾನ ತಡವಾಗಿತ್ತು, ಅಷ್ಟೆ.

ಮನೆಗೆ ಓಡಿಬಂದು ಹೇಳಿದೆ.
ಕರಿಮೆಣಸು ಕೇರುತ್ತಿದ್ದವನು ಮೊರ ನಿಲ್ಲಿಸಲಿಲ್ಲ.
“ನಿನ್ನ ಪುಸ್ತಕ ಅರ್ಧ ದಿನದ ದುಡ್ಡು ಕೊಡ್ತದಾ?”
ಸ್ವಲ್ಪ ಹೊತ್ತಿನ ಮೇಲೆ, ಹೊಟ್ಟು ಊದಿ,
“ಆರು ಜನಕ್ಕೆ ನನ್ನ ಸಂಬಳದಲ್ಲಿ ಕೊಟ್ಟಿದ್ದೆ.
ಇಬ್ಬರದು ಬಾಕಿ.
ತೋಲಿ ಈಗ ಯಾವ ತೋಟದಲ್ಲಿದ್ದಾಳೆ,
ವಿಚಾರಿಸು.”