ಎಂದೂ ಓಡದ ಸಾಲು

ಗೋಕುಲ ರೋಡಿನ ಎರಡನೇ ಮಾಳಿಗಿ. ಕೆಳಗ ವೆಲ್ಡಿಂಗಿನವರು,
ಮ್ಯಾಲ ನಾನು, ಬಿಚ್ಚಿಟ್ಟ ತಕ್ಕಡಿ, ಸಿ ಭಾಷೆ.
ತೂಕ ಅಲುಗದ ನಿಂತ ಕೂಡಲೇ
ಇದನ್ನ ಕರಿ ಅಂತ ಒಂದು ಫಂಕ್ಷನ್ನಿನ ವಿಳಾಸ
ಬರದು ಕೊಟ್ಟಿದ್ದೆ ಟೈಮರಿನ ಕೈಯಾಗ.

ಕಂಪೈಲರ್ ಹೊಸ್ತಿಲದಾಗ ತಡೀತು.
ಸಾಲು ಇನ್ನೂರಾ ಹನ್ನೆರಡು:
ಇದು ಕೇಳೋದೊಂದು, ನೀ ಕಳಸೋದೊಂದು.
ಸಂಜಿ ಏಳಾಗಿತ್ತು. ಹಸಿವಿ.
ವಾಯ್ಡ್ ಅನ್ನೋ ಮುಸುಕು ಎಳದೆ ಎರಡಕ್ಕೂ.
ಅದು ಸುಮ್ಮನಾತು.
ನಾನೂ ಗಿರಮಿಟ್ ತಿನ್ನಾಕ ಹ್ವಾದೆ.

ಬ್ಯಾಡಗಿ ಯಾರ್ಡಿನ್ಯಾಗ, ಘಾಟಿಗೆ ಎಲ್ಲಾರ ಕಣ್ಣಾಗೂ ನೀರು,
ಹಮಾಲಿ ಹುಸೇನಪ್ಪ ಕೆಂಪು ಚೀಲ ಇಳಿಸಿದ.
ಇದ್ದದ್ದು ನಲವತ್ತೆರಡೂವರಿ ಕಿಲೋ.
ತಕ್ಕಡಿ ತೋರಿಸಿದ್ದು ನೂರಾ ಹನ್ನೊಂದು ಕೋಟಿ
ನಲವತ್ತೆಂಟು ಸಾವಿರದ ಏಳ್ನೂರಾ ಅರವತ್ತೆಂಟು.
ಆತ ನಗಲಿಲ್ಲ. ಬೆನ್ನು ಒತ್ತಿಕೊಂಡು ಅಂದ:
"ಅಷ್ಟ ಇರಲಿಕ್ಕಿಲ್ಲ ಬಿಡ್ರಿ ಬಾಯಾರ.
ಮಧ್ಯಾಹ್ನದ ಮ್ಯಾಲ ಅಷ್ಟ ಅನಸ್ತೈತಿ."
ದಲಾಲಿ ಮಾತ್ರ ಫೋಟೋ ತಗೊಂಡ.

ಬಿಟ್ಟು ಒಂದೂ ಕಳದಿರಲಿಲ್ಲ. ಎಲ್ಲಾ ಅವ, ಅಲ್ಲೇ.
ದಶಾಂಶ ಅಂತ ಬರದದ್ದನ್ನ
ಪೂರ್ಣಾಂಕ ಅಂತ ಓದಿದ್ದೆ, ಅಷ್ಟ.

ಸೋದರಮಾವ ಫಕ್ಕೀರೇಶ ಯಲಿಗಾರ,
ರೈಲ್ವೆ ವರ್ಕ್‌ಶಾಪಿನ ಫಿಟ್ಟರ್, ಈಗ ರಿಟೈರ್.
ಎರಡು ತುದಿಯ ಉಕ್ಕಿನ ತುಂಡೊಂದು ತೋರಿಸಿದ.
"ಪಿನ್ನಿನ ತೂತಿನ್ಯಾಗ ಈ ತುದಿ ಹೋಗಬೇಕು.
ಆ ತುದಿ ಹೋಗಬಾರದು."
ಎರಡೂ ಹೋದ್ರ?
"ಸಡಿಲ. ಗಾಡಿ ಹೊರಗ ಬಿಡಂಗಿಲ್ಲ."
ಯಾವಾಗ ನೋಡತಿದ್ದಿ?
ನಾ ಏನೋ ಹುಚ್ಚಿ ಅನ್ನೂಹಂಗ ನೋಡಿದ.
"ಶೆಡ್ಡಿನ್ಯಾಗ, ಮತ್ತೆಲ್ಲಿ?
ದೂಧಸಾಗರದ ಇಳಿಜಾರಿನ್ಯಾಗ ಇಳದು ಅಳೀಲೇನು?"

ಆ ರಾತ್ರಿ ಮ್ಯಾಕ್ರೋ ಒಂದು ಬರದೆ.
ಎಂದೂ ನಿಜ ಆಗದ ಷರತ್ತಿನ ಕೆಳಗ ಒಂದು ಸಾಲು:
ಈ ಫಂಕ್ಷನ್ನಿಗೆ ಈ ಮೌಲ್ಯ ಕೊಟ್ಟು
ಕರದಂಗ ಮಾಡೋದು. ಕರಿಯಂಗಿಲ್ಲ.
ಯಾವ ತಕ್ಕಡಿಯೊಳಗೂ ಅದು ಓಡಂಗಿಲ್ಲ,
ಒಂದು ಬೈಟಿನ ಜಾಗಾನೂ ಹಿಡಿಯಂಗಿಲ್ಲ.
ಕಂಪೈಲರ್ ಮುಂದ ಒಂದು ಸಲ ನಿಂತು
ನೀ ಯಾರು, ಏನು ತಂದಿ, ಅಂತ ಕೇಳಿಸಿಕೊಳ್ಳಾಕ ಅಷ್ಟ.
ಎಚ್ಚರಿಕಿ ಅಂದ್ರ ತಪ್ಪಂತನ ತಿಳಿ, ಅಂತನೂ ಹೇಳಿಟ್ಟೆ ಅದಕ್ಕ.

ಮತ್ತ ತಡೀತು. ಅದ ಇನ್ನೂರಾ ಹನ್ನೆರಡು.
ಈ ಸಲ ಗಿರಮಿಟ್ ತಣ್ಣಗಾತು.

ಮಾವನ ಗೇಜು, ಸವದು ರದ್ದಾದದ್ದು,
ನನ್ನ ಮೇಜಿನ ಮ್ಯಾಲೈತಿ, ಹಾಳಿ ಹಾರದಂಗ.
ಮೂವತ್ತನಾಲ್ಕು ವರ್ಷ ಆ ಶೆಡ್ಡಿನ್ಯಾಗ ಇತ್ತು.
ಒಂದು ದಿನಾನೂ ರೈಲು ಹತ್ತಿಲ್ಲ.