ಎಣ್ಣೆ ಸೀಗೆಕಾಯಿ

"ಅವರಿಬ್ಬರದೂ ಎಣ್ಣೆ ಸೀಗೆಕಾಯಿ"
ಅನ್ನುತ್ತಿದ್ದರು ನಮ್ಮ ವಠಾರದಲ್ಲಿ,
ನಲ್ಲಿಯ ಸರದಿಗೆ ದಿನವೂ ಕಾದಾಡುವ
ಕಮಲಾಬಾಯಿಯನ್ನೂ ಸೆಲ್ವಿಯನ್ನೂ ಕಂಡು.
ನಾನೂ ನಂಬಿದ್ದೆ,
ಸೀಗೆಕಾಯಿ ಎಣ್ಣೆಯ ಹಗೆ,
ಕಂಡಲ್ಲಿ ಬಡಿದು ಓಡಿಸುತ್ತದೆ ಎಂದು.

ಈಗ ಪೀಣ್ಯ ಎರಡನೇ ಹಂತದ ಶೆಡ್ಡಿನಲ್ಲಿ
ಮೂವತ್ತು ಲೀಟರಿನ ಕೆಟಲಿನ ಮುಂದೆ
ಹದಿನಾಲ್ಕು ವರ್ಷದಿಂದ ನಿಂತು ನೋಡುತ್ತಿದ್ದೇನೆ:
ಬಡಿಯುವುದಿಲ್ಲ ಅದು. ಕೈ ಹಿಡಿದು ಕರೆದೊಯ್ಯುತ್ತದೆ.

ಒಂದು ಅಣು. ಅದಕ್ಕೊಂದು ತಲೆ, ಒಂದು ಬಾಲ.
ತಲೆಗೆ ನೀರೆಂದರೆ ಪ್ರಾಣ,
ಬಾಲಕ್ಕೆ ನೀರೆಂದರಾಗದು, ಜಿಡ್ಡೇ ಬೇಕು.
ಎರಡು ದೋಣಿಗೆ ಕಾಲಿಟ್ಟವನು ಮುಳುಗುತ್ತಾನೆ
ಎಂದ ಹಿರಿಯರಿಗೆ ಇದನ್ನು ಯಾರೂ ತೋರಿಸಿರಲಿಲ್ಲ.
ಇದು ನಿಲ್ಲುವುದೇ ಹಾಗೆ.
ಹತ್ತಾರು ಕೂಡಿದರೆ ಬಾಲಗಳೆಲ್ಲ ಒಳಕ್ಕೆ,
ತಲೆಗಳೆಲ್ಲ ಹೊರಕ್ಕೆ, ಕಣ್ಣಿಗೆ ಕಾಣದ ಉಂಡೆ;
ಒಳಗೆ ಬೆವರ ಜಿಡ್ಡು, ರಿಂಗ್ ರೋಡಿನ ಮಸಿ,
ಹೊರಗಿಂದ ನೋಡಿದರೆ ಬರೀ ನೀರಿನ ನೆಂಟ.
ಒಂದು ಚೊಂಬು ಸುರಿದರೆ ಹೊರಟೇ ಹೋಯಿತು.

ಆದರೆ ಎಲ್ಲಕ್ಕೂ ಬುದ್ಧಿ ಒಂದೇ ಅಲ್ಲ.
ಕೆಲವು ಒರಟು.
ಕೊಳೆಯ ಜೊತೆ ಚರ್ಮದ ಸ್ವಂತ ಜಿಡ್ಡನ್ನೂ
ಹೊತ್ತೊಯ್ಯುತ್ತವೆ,
ಸಾಲ ವಸೂಲಿಗೆ ಬಂದವರು ಬಾಗಿಲ ಚಿಲಕವನ್ನೂ ಕಿತ್ತುಕೊಂಡಂತೆ.
ತೊಳೆದ ಮೇಲೆ ಕಿರ್ರ್ ಅನ್ನುತ್ತದಲ್ಲ ಕೆನ್ನೆ,
ಅದನ್ನೇ ಶುದ್ಧ ಎಂದುಕೊಂಡಿದ್ದೇವೆ.

ಮೆದುವಿನದು ಬೇರೆ ಜಾಯಮಾನ: ತೆಂಗಿನ ಬಾಲ,
ಜೋಳದ ಸಕ್ಕರೆಯ ತಲೆ. ದಪ್ಪ ತಲೆ,
ಚರ್ಮದ ಸಂದಿಯಲ್ಲಿ ಸುಲಭಕ್ಕೆ ತೂರದು.
ನೊರೆ ಕಮ್ಮಿ. ಮಾಲೀಕ ಸಂಪಂಗಿಯವರಿಗೆ ಅದೇ ತಕರಾರು:
"ನೊರೆ ಇಲ್ದಿದ್ರೆ ದುಡ್ಡು ಯಾರ್ ಕೊಡ್ತಾರೆ, ಶಾಹಿದಾ?"
ನೊರೆ ಅಂದ್ರೆ ಬರೀ ಗಾಳಿ ಸಾರ್, ಅಂದೆ.
"ಊರೇ ನಡೀತಿರೋದು ಅದರ ಮೇಲೆ" ಅಂದರು.

ಕಳೆದ ಮಂಗಳವಾರ ಕ್ರೀಮಿನ ಸರದಿ.
ನೀರನ್ನೂ ಎಣ್ಣೆಯನ್ನೂ ಬೇರೆ ಬೇರೆ ಕಾಯಿಸಿ
ಎರಡೂ ಎಪ್ಪತ್ತೈದಕ್ಕೆ ಬಂದಾಗ ಕೂಡಿಸಬೇಕು,
ಒಬ್ಬರು ಬಿಸಿ, ಒಬ್ಬರು ತಣ್ಣಗಿದ್ದರೆ ಮಾತು ಮುರಿಯುತ್ತದೆ.
ಕೂಡಿಸಿದೆ. ಮೇಣದಂಥ ಎಮಲ್ಸಿಫೈಯರ್
ಹನಿಹನಿಗೂ ಅಂಗಿ ತೊಡಿಸುತ್ತ ಹೋಯಿತು.
ಹಳದಿ ಎಣ್ಣೆ, ಬಣ್ಣವಿಲ್ಲದ ನೀರು,
ನೋಡನೋಡುತ್ತ ಹಾಲು.
ಆ ಬಿಳುಪು ಯಾವ ಡಬ್ಬಿಯಲ್ಲೂ ಇರಲಿಲ್ಲ;
ಲೆಕ್ಕವಿಲ್ಲದ ಹನಿಗಳಿಗೆ ತಾಗಿ
ಬೆಳಕು ಚೆದುರಿದ್ದು, ಅಷ್ಟೇ.

ಆಗ ಕರೆಂಟ್ ಹೋಯಿತು.
ಜನರೇಟರಿಗೆ ಡೀಸೆಲ್ ಇರಲಿಲ್ಲ.
ಮೊಬೈಲಿನ ಬೆಳಕಲ್ಲಿ ಸ್ಟೀಲ್ ಸೌಟು ಹಿಡಿದು
ಭುಜ ಸೋಲುವವರೆಗೆ ತಿರುವಿದೆ.
ನಲವತ್ತು ನಿಮಿಷ. ಮೇಲೆ ಎಣ್ಣೆಯ ಕಣ್ಣುಗಳು ತೆರೆದವು
ಒಂದೊಂದೇ, ಆಮೇಲೆ
ಎಲ್ಲ ಸೇರಿ ಒಂದೇ ಕಣ್ಣು.

ಬೀಕರು ತೊಳೆಯುವ ಅಕ್ಕಯ್ಯಮ್ಮ ಇಣುಕಿದಳು.
ಅವಳ ಗೆಣ್ಣುಗಳ ಮೇಲೆಲ್ಲ ಬಿರುಕು.
ಕೂಸುಗಳ ಮೈಗೆ ಮೆದು ಬೆರೆಸುವ ನಾವು
ಬೀಕರಿಗೆ ಇಟ್ಟಿರುವುದು ನೀಲಿ ಪುಡಿ, ಕಿಲೋ ಅರವತ್ತರದು,
ಜೊತೆಗೆ ಬೋರ್‌ವೆಲ್ಲಿನ ಗಡಸು ನೀರು.
"ಒಡ್ದೋಯ್ತಾ ತಾಯಿ?"
"ಒಡ್ದೋಯ್ತು."
ಕೇಳದೆಯೇ ಎರಡು ಬೆರಳದ್ದಿ ಸವರಿಕೊಂಡಳು
ನನ್ನ ಸೋತ ಕ್ರೀಮನ್ನು, ಗೆಣ್ಣಿಂದ ಗೆಣ್ಣಿಗೆ.
"ನಿಮ್ಮಲ್ಲಿ ಸೇರದಿದ್ರೆ ಏನಂತೆ,
ಇಲ್ಲಿ ಸೇರ್ಕಂತದೆ ಬಿಡು."

ಮರುದಿನ ಅವಳ ತೊಟ್ಟಿಯ ಪಕ್ಕ
ನೊರೆ ಕಮ್ಮಿಯ ಬಾಟಲಿಯೊಂದನ್ನು ಇಟ್ಟೆ.
ಮಧ್ಯಾಹ್ನಕ್ಕೆ ಮೇಜಿನ ಮೇಲೆ ವಾಪಸ್:
"ಬುರುಗೇ ಬರಲ್ಲ ಇದ್ರಲ್ಲಿ.
ಕೊಳೆ ಹೋಯ್ತು ಅಂತ ಹೆಂಗೆ ನಂಬೋದು?"
ನಾಲ್ಕು ದಿನ ತೊಳೆದು ನೋಡಕ್ಕ, ಆಮೇಲೆ ಹೇಳು, ಅಂದೆ.
ಗೊಣಗುತ್ತ ಒಯ್ದಳು.

ಇವತ್ತಿಗೆ ಎರಡು.